ಎರಡು ಇಟ್ಟಿಗೆ

ನನ್ನ ಕೆಲಸ ಕೋಲು ಹಿಡಿದು ನಿಲ್ಲುವುದು.
ನಾಲ್ಕು ಮೀಟರಿನ ಕೋಲು, ಕೆಂಪು ಕಪ್ಪು ಗೀಟು.
ಆಚೆ ಮೂರು ಕಾಲಿನ ಮೇಲೆ ಲೆವೆಲ್ಲು,
ಅದರ ಹಿಂದೆ ಒಂದು ಕಣ್ಣು ಮುಚ್ಚಿದ ರಾಹಿಲಾ ಮೇಡಂ.
'ಎಡಕ್ಕೆ, ಇನ್ನೂ ಎಡಕ್ಕೆ, ನೆಟ್ಟಗೆ ಹಿಡಿ ಕಾಳಶೆಟ್ಟಿ.'
ನೆಲ ಎಷ್ಟು ತಗ್ಗೋ ಓದು ಅಷ್ಟು ದೊಡ್ಡದು.
ಈ ಉಲ್ಟಾ ಲೆಕ್ಕ ತಲೆಗೆ ಹತ್ತಲು
ಎರಡು ವರ್ಷ ಹಿಡಿಯಿತು ನನಗೆ.

ಬೋಗಾದಿ ದಾಟಿ, ರಿಂಗ್ ರೋಡೂ ದಾಟಿ,
ಹುರುಳಿ ಕಿತ್ತ ಹೊಲ, ಇಪ್ಪತ್ತೆರಡು ಎಕರೆ.
ಜನವರಿಗೆ ಇನ್ನೂರ ಹದಿನಾಲ್ಕು ಸೈಟು,
ಒಂದು ಕಮಾನು. ಕಮಾನಿಗೆ ಹೆಸರು ಆಗಲೇ ಇದೆ.

ಮಳೆನೀರಿನ ಪ್ಲಾನ್ ಇಲ್ಲದೆ ಫೈಲು ಅಲುಗದು.
ಮೇಡಂ ಜೀಪಿನಲ್ಲಿ ಓದಿ ಹೇಳಿದ್ದರು:
ಹನಿ ಎಲ್ಲಿ ಬಿದ್ದರೆ ಎಲ್ಲಿಗೆ ಹೋಗುತ್ತದೆ,
ಬಾಣ ಹಾಕಿ ತೋರಿಸಬೇಕು.
ಚರಂಡಿಯ ಇಳಿಜಾರು, ಮೋರಿಯ ಅಗಲ,
ಪಾರ್ಕಿನ ಮೂಲೆಯಲ್ಲಿ ನೀರು ತಂಗುವ ಗುಂಡಿ,
ಸೈಟಿಗೊಂದು ಇಂಗುಬಾವಿ,
ಹಳ್ಳವಿದ್ದರೆ ಅದರ ಎರಡೂ ಕಡೆ ಬಿಟ್ಟ ಜಾಗ.
ಕೊನೆಯ ಸಾಲನ್ನು ಎರಡು ಸಲ ಓದಿದರು:
ಮನೆ ಎದ್ದ ಮೇಲೆ ಇಲ್ಲಿಂದ ಹೊರಡುವ ನೀರು
ಹುರುಳಿ ಇದ್ದಾಗ ಹೊರಟದ್ದಕ್ಕಿಂತ
ಒಂದು ಚೊಂಬೂ ಹೆಚ್ಚಾಗಕೂಡದು.
'ಹುರುಳಿ, ಚೊಂಬು ಅಂತ ಬರೆದಿಲ್ಲ ಬಿಡು,
ನಿನಗೋಸ್ಕರ ಹೇಳಿದ್ದು.'

ಅಂದರೆ ಇಲ್ಲಿ ಏನೂ ನಡೆದೇ ಇಲ್ಲವೆಂದು
ಮಳೆಗೆ ಅನ್ನಿಸಬೇಕು.
ಅಷ್ಟು ಸಣ್ಣ ನಾಟಕಕ್ಕೆ
ಎಷ್ಟೊಂದು ಸಿಮೆಂಟು!

ಊಟದ ಹೊತ್ತಿಗೆ ಧರಣೇಂದ್ರಯ್ಯನವರು ಬಂದರು, ಮಜ್ಜಿಗೆ ತಂದರು.
ಮೇಡಂ ಫೋನಿನಲ್ಲಿದ್ದಾಗ ನನ್ನ ಪಕ್ಕ ನಿಂತು
ಔಷಧಿ ಹೇಳಿಕೊಡುವವರ ಹಾಗೆ ಮೆಲ್ಲಗೆ:
'ಮೂಲೆಯ ತಗ್ಗಲ್ಲಿ ಕೋಲಿನಡಿ ಎರಡಿಟ್ಟಿಗೆ ಇಟ್ಕೊ.
ಹುಲ್ಲು ಎತ್ತರ ಇದೆ, ಅವರಿಗೆ ಕಾಣಲ್ಲ.'
ನಕಾಶೆಯಲ್ಲಿ ಹಳ್ಳವಿಲ್ಲ;
ಇದ್ದ ಗೆರೆ ಜೆರಾಕ್ಸಿನಿಂದ ಜೆರಾಕ್ಸಿಗೆ ಸವೆದಿದೆ.
ತಗ್ಗೂ ಇಲ್ಲವಾದರೆ ಆರು ಸೈಟು ಉಳಿಯುತ್ತವೆ.

ಇಟ್ಟಿಗೆ ನನಗೆ ಹೊಸದಲ್ಲ.
ಐದು ವರ್ಷದ ಹಿಂದೆ, ಬೇರೆ ಲೇಔಟು, ಬೇರೆ ಮಜ್ಜಿಗೆ.
ಕಾಲಿನಿಂದ ನೂಕಿ ಇಟ್ಟೆ, ಮೇಲೆ ಕೋಲು ನಿಲ್ಲಿಸಿದೆ.
ಅರ್ಧ ಅಡಿ ಎದ್ದಿತು ಭೂಮಿ,
ಒಂದು ಎರೆಹುಳುವಿಗೂ ಗೊತ್ತಾಗದಂತೆ.
ಆಮೇಲೊಂದು ಚಿತ್ತೆ ಮಳೆ, ಮೂರು ರಾತ್ರಿ.
ಅಲ್ಲಿಗೆ ಪಂಪು ಹೊತ್ತು ಹೋದವರಲ್ಲಿ ನಾನೂ ಒಬ್ಬ.
ಮನೆಯಾಕೆ ಅಕ್ಕಿ ಮೂಟೆಯನ್ನು ಫ್ರಿಜ್ಜಿನ ಮೇಲೇರಿಸಿ
ಮಗುವಿನ ಹೋಂವರ್ಕಿನ ಹಾಳೆಗಳನ್ನು
ಕಿಟಕಿಯ ಸರಳಿಗೆ ಸಿಕ್ಕಿಸಿ ಒಣಹಾಕುತ್ತಿದ್ದಳು.
ನನಗೆ ಟೀ ಕೊಟ್ಟಳು. ಕುಡಿದೆ.
ಗೋಡೆಯ ಮೇಲೆ ನೀರಿನ ಗೆರೆ ಮೊಣಕಾಲಿಗಿಂತ ಮೇಲಿತ್ತು.
ಇಟ್ಟಿಗೆ ಎರಡು, ಅರ್ಧ ಅಡಿ.
ಲೆಕ್ಕ ಸರಿಹೋಗಲಿಲ್ಲ.
ಇವತ್ತಿಗೂ ಹೋಗಿಲ್ಲ.

ಮೂಲೆಗೆ ಹೋದೆ.
ಇಟ್ಟಿಗೆಗಳು ನನಗಿಂತ ಮೊದಲೇ ಬಂದಿದ್ದವು, ಹೊಚ್ಚ ಹೊಸವು.
ಮುದುಕಿಯೊಬ್ಬಳು ಬಗ್ಗಿ ಹೊನಗೊನೆ ಸೊಪ್ಪು ಕುಯ್ಯುತ್ತಿದ್ದಳು.
'ಅಲ್ ನಿಲ್ಬ್ಯಾಡ ಕಣ ಮಗ, ಕೆಸ್ರು ಕಾಲ ಕಚ್ಕತದೆ.
ಹೋದೊರ್ಸ ನಮ್ಮೆಮ್ಮೆ ಹೂತೋಗಿತ್ತು.'
'ಈಗ ಮಳೆ ಇಲ್ವಲ್ಲ ಅಜ್ಜಿ?'
'ಮಳೆಗೂ ಇದ್ಕೂ ಏನ್ಲಾ? ಇದು ಹಳ್ಳ.'

ಇಟ್ಟಿಗೆ ಎರಡನ್ನೂ ಎತ್ತಿ ಅವಳಿಗೇ ಕೊಟ್ಟೆ.
ಒಲೆಗಾಯ್ತದೆ ಅಂದಳು,
ಇನ್ನೊಂದು ಸಿಕ್ಕಿದ್ರೆ ನೋಡು ಅಂದಳು.

ಏಡಿಯ ಬಿಲದ ಪಕ್ಕ, ಎಲ್ಲಕ್ಕಿಂತ ತಗ್ಗಿನಲ್ಲಿ
ಕೋಲು ನಿಲ್ಲಿಸಿದೆ.
ಆಚೆಯಿಂದ ದನಿ: 'ಮೂರು ಪಾಯಿಂಟ್ ಆರು ಎರಡು!
ಸರಿಯಾಗಿ ನಿಂತಿದೀಯ ತಾನೆ?'
ಕೈ ಎತ್ತಿದೆ.
ಜೀಪಿನ ನೆರಳಲ್ಲಿ ಧರಣೇಂದ್ರಯ್ಯನವರು
ಖಾಲಿ ಲೋಟಗಳನ್ನು ಜೋಡಿಸುತ್ತಿದ್ದರು, ಒಂದರೊಳಗೊಂದು.

ಫೈಲು ಏನಾಗುತ್ತದೋ.
ಆಫೀಸಿನ ಮೇಜಿನಡಿಯೂ ಇಟ್ಟಿಗೆ ಇರುತ್ತವೆ.
ಎಡಗಾಲಿನ ಚಪ್ಪಲಿ ಅಲ್ಲೇ ಉಳಿಯಿತು.
ಕೋಲು ಎತ್ತಿದ ಕಡೆ ಒಂದು ಚೌಕ ಗುಳಿ,
ಬೆಂಕಿಪೊಟ್ಟಣದಷ್ಟು.
ನಾನು ನೋಡುತ್ತಿದ್ದ ಹಾಗೇ
ಅಡಿಯಿಂದ ತುಂಬಿಕೊಂಡಿತು.